ಬೆಂಕಿ ಆರಿಸಿದ್ದಕ್ಕೆ ಬಿಲ್ಲು ಯಾರ ಹೆಸರಿಗೆ?

ಅಮೆರಿಕದ ಟೆನೆಸಿ ರಾಜ್ಯದಲ್ಲಿ ಒಬಾಯನ್ ಕೌಂಟಿ ಅಂತ ಒಂದು ಜಾಗವಿದೆ. ಹೆಚ್ಚಿನದೆಲ್ಲ ಹೊಲ, ನಡುನಡುವೆ ಒಂಟಿ ಮನೆಗಳು. 2010ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಯ ಒಂದು ಮನೆಗೆ ಬೆಂಕಿ ಬಿತ್ತು. ಮನೆಯವರು ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದರು. ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ, ಗಾಡಿ ಬರುವುದಿಲ್ಲ ಎಂಬ ಉತ್ತರ ಬಂತು.

ಏನದು ಪಟ್ಟಿ? ಆ ಹಳ್ಳಿಗಾಡಿಗೆ ತನ್ನದೇ ಅಗ್ನಿಶಾಮಕ ದಳ ಇರಲಿಲ್ಲ. ಪಕ್ಕದ ಸೌತ್ ಫುಲ್ಟನ್ ಪಟ್ಟಣದ ದಳವೇ ಗತಿ. ಪಟ್ಟಣದ ಗಡಿ ದಾಟಿ ಅದು ಬರುತ್ತಿದ್ದದ್ದು ವರ್ಷಕ್ಕೆ 75 ಡಾಲರ್ ಕಟ್ಟಿದವರ ಮನೆಗೆ ಮಾತ್ರ. ಈ ಮನೆಯವರು ಆ ವರ್ಷ ಕಟ್ಟುವುದನ್ನು ಮರೆತಿದ್ದರು. ಎಷ್ಟಾದರೂ ಕೊಡುತ್ತೇವೆ, ಬನ್ನಿ ಅಂತ ಕೇಳಿಕೊಂಡರು. ಆಗಲಿಲ್ಲ. ಕೊನೆಗೆ ದಳ ಬಂತು, ಆದರೆ ಬೆಂಕಿ ಪಕ್ಕದವರ ಹೊಲದ ಕಡೆ ಹಬ್ಬಿದ ಮೇಲೆ. ಪಕ್ಕದವರು 75 ಡಾಲರ್ ಕಟ್ಟಿದ್ದರು. ಅವರ ಹೊಲಕ್ಕೆ ನೀರು ಹೊಡೆದರು. ಈ ಮನೆ ಎಲ್ಲರ ಕಣ್ಣೆದುರೇ ಸುಟ್ಟುಹೋಯಿತು. ಒಳಗಿದ್ದ ಮೂರು ನಾಯಿ, ಒಂದು ಬೆಕ್ಕು ಸತ್ತವು.

ಓದಿದ ತಕ್ಷಣ ಮೈ ಉರಿಯುತ್ತದೆ. ನೀರಿದೆ, ಪೈಪಿದೆ, ಜನ ಇದ್ದಾರೆ, ಸುಮ್ನೆ ನಿಂತು ನೋಡಿದರಲ್ಲ ಅಂತ. ಆದರೆ ಸ್ವಲ್ಪ ತಣ್ಣಗಾದ ಮೇಲೆ ಪಟ್ಟಣದವರ ಲೆಕ್ಕವೂ ಅರ್ಥವಾಗುತ್ತದೆ. ಬೆಂಕಿ ಬಿದ್ದ ಮೇಲೆ 75 ಡಾಲರ್ ಕೊಟ್ಟರೆ ಸಾಕು ಅಂತಾದರೆ, ಬೀಳುವ ಮೊದಲು ಯಾರು ಕಟ್ಟುತ್ತಾರೆ? ಹತ್ತು ಮನೆಯವರು ಕಟ್ಟಿದ್ದರಿಂದಲೇ ಗಾಡಿಗೆ ಡೀಸೆಲ್ಲು, ಅದರಲ್ಲಿ ಕೂತವನಿಗೆ ಸಂಬಳ. ಹನ್ನೊಂದನೆಯವನು ಬೇಕಾದಾಗ ಮಾತ್ರ ಬರುತ್ತೇನೆ ಅಂದರೆ ಮುಂದಿನ ವರ್ಷ ಆ ಹತ್ತು ಜನವೂ ಕೈ ಎತ್ತುತ್ತಾರೆ.

ಇಷ್ಟಾದ ಮೇಲೂ ನಿಯಮ ಬದಲಾಗಲಿಲ್ಲ. 2011ರಲ್ಲಿ ಅದೇ ಪ್ರದೇಶದಲ್ಲಿ ಇನ್ನೊಂದು ಮನೆ ಹಾಗೇ ಸುಟ್ಟುಹೋಯಿತು. 2012ರಲ್ಲಿ ಪಟ್ಟಣ ಒಂದು ಮಧ್ಯದ ದಾರಿ ಹುಡುಕಿತು: ಇನ್ನು ಮೇಲೆ ಯಾರ ಮನೆಗೆ ಬೆಂಕಿ ಬಿದ್ದರೂ ಹೋಗುತ್ತೇವೆ, ವಂತಿಗೆ ಕಟ್ಟದವರಿಗೆ 3,500 ಡಾಲರ್ ಬಿಲ್ಲು ಕಳಿಸುತ್ತೇವೆ.

ನನಗೆ ಈ ಘಟನೆಯ ತಲೆಬುಡ ಹುಡುಕುವ ಹಾಗೆ ಮಾಡಿದ್ದು ನ್ಯೂಜೆರ್ಸಿಯಲ್ಲಿರುವ ಒಬ್ಬ ಗೆಳೆಯನ ಸಿಟ್ಟು. ಅವನು ದಾವಣಗೆರೆಯವನು, ಹೋಗಿ ಬಹಳ ವರ್ಷಗಳಾದವು. ಮಗುವಿನ ಬಾಣಂತನಕ್ಕೆ ಅಂತ ಅವನ ಅತ್ತೆ ಊರಿಂದ ಹೋಗಿದ್ದರು. ಒಂದು ದಿನ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದರು. ಇವನ ಹೆಂಡತಿ ಗಾಬರಿಯಾಗಿ 911ಕ್ಕೆ ಫೋನ್ ಮಾಡಿದಳು. ಐದಾರು ನಿಮಿಷದಲ್ಲಿ ಆಂಬುಲೆನ್ಸ್ ಬಂತು, ಬಿಪಿ ನೋಡಿದರು, ಸಕ್ಕರೆ ನೋಡಿದರು, ಆಸ್ಪತ್ರೆಗೆ ಕರೆದುಕೊಂಡು ಹೋದರು. ದೊಡ್ಡದೇನೂ ಇರಲಿಲ್ಲ, ಸಂಜೆಗೆ ಮನೆಗೆ ಬಂದರು. ತಿಂಗಳಾದ ಮೇಲೆ ಅತ್ತೆಯ ಹೆಸರಿಗೆ ಬಿಲ್ಲು ಬಂತು. ಕೆಲವೇ ಮೈಲಿಯ ದಾರಿಗೆ ಸಾವಿರ ಡಾಲರಿಗೂ ಜಾಸ್ತಿ. ಅತ್ತೆ ಅದನ್ನು ಮನಸ್ಸಿನಲ್ಲೇ ರೂಪಾಯಿಗೆ ಬದಲಿಸಿ ನೋಡಿ, ಆಮೇಲೆ ಅಲ್ಲಿದ್ದಷ್ಟು ದಿನ ಮೈ ಸರಿಯಿಲ್ಲ ಅಂತ ಒಂದು ಸಲವೂ ಬಾಯಿ ಬಿಡಲಿಲ್ಲವಂತೆ.

"ಲೋ, ಮನೆ ಕಂದಾಯ ಅಂತ ವರ್ಷಕ್ಕೆ ಇಷ್ಟು ಕಟ್ತೀನಿ. ಆ ಗಾಡಿ ಮೇಲೆ ನಮ್ಮ ಊರಿನ ಹೆಸರೇ ಬರೆದಿದೆ. ನನ್ನ ದುಡ್ಡಲ್ಲೇ ತಗೊಂಡ ಗಾಡಿಗೆ ನಾನೇ ಮತ್ತೆ ಬಾಡಿಗೆ ಕೊಡಬೇಕಾ?" ಅಂದ. ನ್ಯಾಯವಾದ ಪ್ರಶ್ನೆ ಅಲ್ವಾ?

ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು, ಉತ್ತರ ಅವನು ಅಂದುಕೊಂಡಷ್ಟು ಸುಲಭವಲ್ಲ ಅಂತ. ಅಮೆರಿಕದ ಎಷ್ಟೋ ಊರುಗಳಲ್ಲಿ ತೆರಿಗೆ ಕಟ್ಟುವ ನಿವಾಸಿಗಳಿಗೆ ಒಂದು ರಿಯಾಯಿತಿ ಇದೆ. ಆಂಬುಲೆನ್ಸಿನ ಬಿಲ್ಲನ್ನು ವಿಮಾ ಕಂಪನಿಗೆ ಕಳಿಸುತ್ತಾರೆ. ಅದು ಎಷ್ಟು ಕೊಡುತ್ತೋ ಅಷ್ಟು. ಉಳಿದದ್ದನ್ನು ಊರಿನವರಿಗೆ ಬಿಟ್ಟುಬಿಡುತ್ತಾರೆ, ನೀವು ನಿಮ್ಮ ಪಾಲನ್ನು ಕಂದಾಯದಲ್ಲೇ ಕಟ್ಟಿದ್ದೀರಿ ಅನ್ನುವ ಲೆಕ್ಕದಲ್ಲಿ. ಇವನ ಊರಿನಲ್ಲೂ ಹಾಗೇ. ಆದರೆ ಅತ್ತೆ ಆ ಊರಿನ ನಿವಾಸಿಯಲ್ಲ, ವಿಸಿಟರ್ ವೀಸಾದಲ್ಲಿ ಬಂದವರು. ಅವರಿಗೆ ತೆಗೆಸಿದ್ದ ಪ್ರವಾಸಿ ವಿಮೆ, ಮೊದಲೇ ಇದ್ದ ಬಿಪಿ ಅಂತ ಹೇಳಿ ಕೈ ತೊಳೆದುಕೊಂಡಿತು. ಅಂದರೆ ಇವನೇ ಬಿದ್ದಿದ್ದರೆ ಬಹುಶಃ ಬಿಲ್ಲು ಇಷ್ಟು ಕಾಡುತ್ತಿರಲಿಲ್ಲ. ಅತ್ತೆ ಬಿದ್ದದ್ದಕ್ಕೆ ಬಂತು. ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಅಪ್ಪ ಅಮ್ಮಂದಿರ ತಲೆಮಾರಿಗೆ ಈ ಕಥೆ ಹೊಸದಲ್ಲ. ಮಗನಿಗೆ ಖರ್ಚು ಅಂತ ಎದೆನೋವನ್ನು ಗ್ಯಾಸ್ಟ್ರಿಕ್ ಅಂದವರು ಎಷ್ಟು ಜನರಿದ್ದಾರೋ.

ಅಮೆರಿಕದಲ್ಲಿ ಬೆಂಕಿ ಆರಿಸುವುದಕ್ಕೆ ಸಾಮಾನ್ಯವಾಗಿ ಬಿಲ್ಲಿಲ್ಲ. ಕಳ್ಳ ಬಂದನೆಂದು ಪೊಲೀಸರನ್ನು ಕರೆದರೆ ಬಿಲ್ಲಿಲ್ಲ. ಆದರೆ ಅದೇ ಅಗ್ನಿಶಾಮಕ ಠಾಣೆಯಿಂದ, ಅದೇ ಸಮವಸ್ತ್ರದವರು ಆಂಬುಲೆನ್ಸ್ ತಂದರೆ ಬಿಲ್ಲಿದೆ. ಇದು ಯಾಕೆ ಹೀಗೆ ಅಂತ ಹುಡುಕಿದರೆ ಕಾರಣ ತತ್ವದಲ್ಲಿ ಸಿಗುವುದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ. 1960ರ ದಶಕದವರೆಗೂ ಅಲ್ಲಿ ಬಹಳ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು ಶವಸಂಸ್ಕಾರದ ಅಂಗಡಿಯವರು. ಮನುಷ್ಯನನ್ನು ಉದ್ದಕ್ಕೆ ಮಲಗಿಸಿ ಒಯ್ಯುವ ಗಾಡಿ ಇದ್ದದ್ದು ಅವರ ಹತ್ತಿರವೇ. (ಬದುಕಿದರೆ ಆಸ್ಪತ್ರೆ, ಇಲ್ಲದಿದ್ದರೆ ಹೇಗೂ ಗಿರಾಕಿ.) 1966ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತದ ಸಾವುಗಳ ಬಗ್ಗೆ ಕಟುವಾದ ವರದಿ ಕೊಟ್ಟ ಮೇಲೆ ತರಬೇತಿ ಪಡೆದ ಸಿಬ್ಬಂದಿ, ಸರಿಯಾದ ಗಾಡಿ ಎಲ್ಲ ಬಂತು. 1973ರಲ್ಲಿ ಕಾನೂನು ಮಾಡಿ ಕೇಂದ್ರ ಸರ್ಕಾರ ದುಡ್ಡು ಕೊಟ್ಟಿತು. 1981ರಲ್ಲಿ ಆ ದುಡ್ಡನ್ನು ಬೇರೆ ಅನುದಾನಗಳ ಜತೆ ಸೇರಿಸಿ, ಏನಾದರೂ ಮಾಡಿಕೊಳ್ಳಿ ಅಂತ ರಾಜ್ಯಗಳ ಕೈಗೆ ಬಿಟ್ಟರು. ಒಳ್ಳೆಯ ಗಾಡಿ ಬಂದಿತ್ತು, ಅದಕ್ಕೆಂದೇ ಬರುತ್ತಿದ್ದ ದುಡ್ಡು ನಿಂತಿತು. ಊರುಗಳು ಬಿಲ್ಲು ಬರೆಯುವುದಕ್ಕೆ ಇನ್ನಷ್ಟು ವಾಲಿದವು.

ಬಿಲ್ಲಿನ ಆಟ ಹೇಗಿದೆ ನೋಡಿ. ವಿಮೆಯ ಜತೆ ಒಪ್ಪಂದ ಇಲ್ಲದ ಡಾಕ್ಟರು ಆಮೇಲೆ ದೊಡ್ಡ ಬಿಲ್ಲು ಕಳಿಸಬಾರದು ಅಂತ ಅಮೆರಿಕದಲ್ಲಿ ಒಂದು ಕಾನೂನು 2022ರ ಜನವರಿಯಿಂದ ಜಾರಿಗೆ ಬಂತು. ಹೆಲಿಕಾಪ್ಟರ್ ಆಂಬುಲೆನ್ಸನ್ನೂ ಅದರಲ್ಲಿ ಸೇರಿಸಿದರು. ರಸ್ತೆಯಲ್ಲಿ ಓಡುವ ಆಂಬುಲೆನ್ಸನ್ನು ಮಾತ್ರ ಹೊರಗಿಟ್ಟರು. ಒಂದೊಂದು ಊರಿಗೂ ಒಂದೊಂದು ಪದ್ಧತಿ, ಯಾರ ಆದಾಯಕ್ಕೆ ಕೈ ಹಾಕಿದರೂ ಗಲಾಟೆ. ಕ್ಯಾಲಿಫೋರ್ನಿಯಾ 2024ರಿಂದ ತನ್ನದೇ ಕಾನೂನಿನಲ್ಲಿ ಇದಕ್ಕೆ ಒಂದಷ್ಟು ಕಡಿವಾಣ ಹಾಕಿತು. ಬಹಳ ಕಡೆ ಕಥೆ ಇನ್ನೂ ಎಳೆಯುತ್ತಿದೆ.

ಇದರ ಫಲ ಏನು ಅನ್ನುವುದು 2018ರಲ್ಲಿ ಬಾಸ್ಟನ್ನಿನ ಒಂದು ಮೆಟ್ರೋ ನಿಲ್ದಾಣದಲ್ಲಿ ಕಂಡಿತು. ಒಬ್ಬ ಹೆಂಗಸಿನ ಕಾಲು ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಿಕ್ಕಿಕೊಂಡಿತು. ಜನ ಸೇರಿ ರೈಲಿನ ಡಬ್ಬಿಯನ್ನೇ ತಳ್ಳಿ ಬಿಡಿಸಿದರು. ಕಾಲು ಆಳವಾಗಿ ಸೀಳಿತ್ತು. ಅಳುತ್ತಾ ಅವರು ಬೇಡಿಕೊಳ್ಳುತ್ತಿದ್ದದ್ದು ಒಂದೇ: ಆಂಬುಲೆನ್ಸ್ ಕರೆಯಬೇಡಿ, ಮೂರು ಸಾವಿರ ಡಾಲರ್ ಆಗುತ್ತೆ, ನನ್ನ ಕೈಲಿ ಆಗಲ್ಲ. ಆ ಸ್ಥಿತಿಯಲ್ಲಿ ಮನುಷ್ಯರ ಬಾಯಲ್ಲಿ ದೇವರ ಹೆಸರು ಬರಬೇಕು, ಅಮ್ಮನ ಹೆಸರು ಬರಬೇಕು. ಬಂದಿದ್ದು ದರಪಟ್ಟಿ.

ನನ್ನ ತಕರಾರು ಇರುವುದು ಇಲ್ಲೇ. ತುರ್ತು ಸೇವೆಗೆ ಖರ್ಚಿದೆ, ಅದನ್ನು ಯಾರಾದರೂ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರೆ ಮಾಡುವವರ ಹೆಸರಿಗೆ ಬಿಲ್ಲು ಬರೆದರೆ, ಮನೆ ಉರಿಯುತ್ತಿರುವಾಗ ಅವರನ್ನು ಲೆಕ್ಕ ಹಾಕಲು ಕೂರಿಸಿದ ಹಾಗೆ. ಕರೆಯಲೋ ಬೇಡವೋ, ಇನ್ನೂ ಹತ್ತು ನಿಮಿಷ ನೋಡೋಣವೋ. ಆ ಹತ್ತು ನಿಮಿಷದಲ್ಲಿ ಹೃದಯಾಘಾತ ಕೈಮೀರುತ್ತದೆ, ಒಲೆಯ ಬೆಂಕಿ ಮಾಡಿಗೆ ಹತ್ತುತ್ತದೆ. ಬೆಂಕಿಗಂತೂ ಬಿಲ್ಲು ಕಟ್ಟಿದವರು, ಕಟ್ಟದವರು ಅನ್ನುವ ಭೇದವೇ ಇಲ್ಲ, ಒಬಾಯನ್‌ನಲ್ಲಿ ಪಕ್ಕದ ಹೊಲಕ್ಕೆ ಹಬ್ಬಿದ ಹಾಗೆ.

ಈ ಪಾಠವನ್ನು ಲಂಡನ್ ಬಹಳ ಹಿಂದೆಯೇ, ಬಹಳ ದುಬಾರಿಗೆ ಕಲಿತಿದೆ. 1666ರಲ್ಲಿ ಊರಿನ ಬಹುಪಾಲು ಸುಟ್ಟುಹೋದ ಮೇಲೆ, 1680ರ ಸುಮಾರಿಗೆ ನಿಕೊಲಸ್ ಬಾರ್ಬನ್ ಎಂಬಾತ ಮನೆಗಳಿಗೆ ಅಗ್ನಿ ವಿಮೆ ಮಾರಲು ಶುರುಮಾಡಿದ. ಅವನ ಹಿಂದೆ ಬೇರೆ ಕಂಪನಿಗಳು ಬಂದವು. ಒಂದೊಂದು ಕಂಪನಿಯೂ ನಷ್ಟ ಕಡಿಮೆ ಮಾಡಿಕೊಳ್ಳಲು ತನ್ನದೇ ಬೆಂಕಿ ಪಡೆ ಇಟ್ಟುಕೊಂಡಿತು. ವಿಮೆ ತೆಗೆದುಕೊಂಡವರ ಗೋಡೆಗೆ ಕಂಪನಿಯ ಗುರುತಿನ ಸೀಸದ ಬಿಲ್ಲೆ ಹೊಡೆಯುತ್ತಿದ್ದರು. ಬಿಲ್ಲೆ ಇಲ್ಲದ ಮನೆಯನ್ನು ಸುಡಲು ಬಿಟ್ಟು ಹೋಗುತ್ತಿದ್ದರು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಇತಿಹಾಸಕಾರರು ಅದಕ್ಕೆ ಗಟ್ಟಿ ಆಧಾರ ಸಿಗುವುದಿಲ್ಲ ಅನ್ನುತ್ತಾರೆ. ನನಗೂ ಆ ಕಥೆ ನಂಬಲು ಕಷ್ಟ, ಕಂಪನಿಗಳು ದಯಾಳುಗಳಾಗಿದ್ದವು ಅಂತಲ್ಲ. ಗೋಡೆಗೆ ಗೋಡೆ ಅಂಟಿದ ಬೀದಿಯಲ್ಲಿ ಬಿಲ್ಲೆ ಇಲ್ಲದ ಮನೆಯನ್ನು ಸುಡಲು ಬಿಟ್ಟರೆ, ಮುಂದಿನದು ಬಿಲ್ಲೆ ಇರುವ ಮನೆಯೇ.

1833ರಲ್ಲಿ ಆ ಕಂಪನಿಗಳೇ ಒಟ್ಟಾಗಿ ಒಂದು ಪಡೆ ಮಾಡಿದವು. ಅದಕ್ಕೆ ಎಡಿನ್‌ಬರೊದಿಂದ ಜೇಮ್ಸ್ ಬ್ರೇಡ್‌ವುಡ್ ಎಂಬ ಗಟ್ಟಿಗನನ್ನು ಕರೆಸಿದವು. ಅವನು ಎಡಿನ್‌ಬರೊದಲ್ಲಿ 1824ರಲ್ಲೇ ಊರಿನವರ ಅಗ್ನಿಶಾಮಕ ದಳ ಕಟ್ಟಿದ್ದವನು. ಲಂಡನ್ನಿನಲ್ಲಿ ವಿಮೆ ಇರಲಿ ಇಲ್ಲದಿರಲಿ ಅವನ ಪಡೆ ನುಗ್ಗುತ್ತಿತ್ತು. ದುಡ್ಡು ವಿಮೆ ಕಟ್ಟಿದವರದು, ಉಪಕಾರ ಇಡೀ ಊರಿಗೆ. ಮೂವತ್ತು ವರ್ಷ ಹೀಗೇ ನಡೆಯಿತು. ಸರ್ಕಾರ ಹಾಯಾಗಿತ್ತು. 1861ರ ಜೂನ್‌ನಲ್ಲಿ ಥೇಮ್ಸ್ ದಡದ ಟೂಲಿ ಬೀದಿಯ ಗೋದಾಮುಗಳಿಗೆ ಬೆಂಕಿ ಬಿತ್ತು. ಆರಲು ಎರಡು ವಾರ ಬೇಕಾಯಿತು. ಗೋಡೆ ಕುಸಿದು ಬ್ರೇಡ್‌ವುಡ್ ಸತ್ತ. ವಿಮಾ ಕಂಪನಿಗಳು ಎಣಿಸಲಾಗದಷ್ಟು ಕಳೆದುಕೊಂಡವು, ಕಂತು ಏರಿಸಿದವು, ಇನ್ನು ಊರು ಕಾಯುವ ಕೆಲಸ ನಮ್ಮದಲ್ಲ ಅಂತ ಸರ್ಕಾರಕ್ಕೆ ಬರೆದವು. 1865ರಲ್ಲಿ ಕಾನೂನಾಗಿ 1866ರ ಜನವರಿ 1ರಿಂದ ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳ ಬಂತು. ಕಂದಾಯದಿಂದ ಒಂದು ಪಾಲು, ವಿಮಾ ಕಂಪನಿಗಳಿಂದ ಒಂದು ಪಾಲು, ಸರ್ಕಾರದಿಂದ ವರ್ಷಕ್ಕೆ 10,000 ಪೌಂಡ್. ಮನೆ ಸುಟ್ಟವರ ಹತ್ತಿರ ಬಿಲ್ಲು ಕೇಳುವ ಮಾತೇ ಆ ಲೆಕ್ಕದಲ್ಲಿ ಇರಲಿಲ್ಲ.

ಇಲ್ಲಿ ಗೆಳೆಯ ಅಡ್ಡಿ ಹಾಕಿದ. "ಎಲ್ಲಾ ತೆರಿಗೆಗೆ ಹಾಕಿದ್ರೆ ಪುಂಡರ ಖರ್ಚನ್ನೂ ನಾವೇ ಹೊರಬೇಕಲ್ಲ?" ಅಂದ. ಅವನ ಮನಸ್ಸಿನಲ್ಲಿ ಇದ್ದದ್ದು ಬೆಟ್ಟ ಹತ್ತುವವರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ವೈಟ್ ಮೌಂಟನ್ಸ್ ಇವೆ. ಆ ಕಡೆ ಸಾಫ್ಟ್‌ವೇರಿನಲ್ಲಿರುವ ನಮ್ಮವರೂ ಶನಿವಾರ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಅಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಹೊಣೆ ಮೀನು ಮತ್ತು ಬೇಟೆ ಇಲಾಖೆಯದು. ಅದರ ಮುಖ್ಯ ಆದಾಯ ಮೀನು ಹಿಡಿಯುವವರ, ಬೇಟೆಯಾಡುವವರ ಪರವಾನಗಿ ದುಡ್ಡು. ಅಂದರೆ ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತವನ ದುಡ್ಡಿನಲ್ಲಿ ಬೆಟ್ಟ ಹತ್ತಿದವನ ರಕ್ಷಣೆ. ಇದು ಅನ್ಯಾಯ ಅಂತ ಅನ್ನಿಸಿ, ಅಜಾಗರೂಕತೆಯಿಂದ ಸಿಕ್ಕಿಬಿದ್ದವರಿಗೆ ಖರ್ಚು ಹಾಕುವ ಕಾನೂನನ್ನು ಬಿಗಿ ಮಾಡಿದರು. 2009ರಲ್ಲಿ ಮೌಂಟ್ ವಾಷಿಂಗ್ಟನ್ ಹತ್ತಲು ಹೋಗಿ ಕಾಲು ಉಳುಕಿ, ಹಿಮದಲ್ಲಿ ಮೂರು ರಾತ್ರಿ ಕಳೆದ 17 ವರ್ಷದ ಒಬ್ಬ ಹುಡುಗನಿಗೆ 25,000 ಡಾಲರಿಗೂ ಮೇಲ್ಪಟ್ಟ ಬಿಲ್ಲು ಹೋಯಿತು. ದೇಶವೆಲ್ಲ ಗಲಾಟೆಯಾಯಿತು.

ಬೆಟ್ಟದ ರಕ್ಷಣಾ ತಂಡಗಳೇ ಬಿಲ್ಲಿಗೆ ವಿರೋಧ ಅನ್ನುವುದು ಇದರಲ್ಲಿ ನನಗೆ ಬಹಳ ಹಿಡಿಸಿದ ವಿಷಯ. ಕೊಲರಾಡೊದ ತಂಡಗಳು ವರ್ಷಗಳಿಂದ ಇದನ್ನೇ ಹೇಳಿಕೊಂಡು ಬಂದಿವೆ. ಬಿಲ್ಲಿಗೆ ಹೆದರಿದವನು ಸಂಜೆ ನಾಲ್ಕಕ್ಕೆ ಫೋನ್ ಮಾಡುವುದಿಲ್ಲ, ಕತ್ತಲಾಗಿ, ಬ್ಯಾಟರಿ ಮುಗಿಯುವ ಹೊತ್ತಿಗೆ ಮಾಡುತ್ತಾನೆ. ಆಗ ಅವನನ್ನು ಹುಡುಕಲು ಹೋದವರ ಜೀವಕ್ಕೂ ಅಪಾಯ. ನ್ಯೂ ಹ್ಯಾಂಪ್‌ಶೈರ್ ಕೊನೆಗೆ 2015ರಲ್ಲಿ ಒಂದು ಜಾಣ ಉಪಾಯ ಮಾಡಿತು. ಬೆಟ್ಟಕ್ಕೆ ಹೋಗುವವರು ಬೇಕಾದರೆ ವರ್ಷಕ್ಕೆ 25 ಡಾಲರ್, ಇಡೀ ಮನೆಯವರಿಗಾದರೆ 35 ಡಾಲರ್ ಕೊಟ್ಟು ಒಂದು ಕಾರ್ಡು ತೆಗೆದುಕೊಳ್ಳಬಹುದು. ಆಮೇಲೆ ಸಣ್ಣಪುಟ್ಟ ಅಜಾಗರೂಕತೆಗೆ ಬಿಲ್ಲಿಲ್ಲ. ಬೇಕಂತಲೇ ಹುಚ್ಚಾಟ ಮಾಡಿದವನಿಗೆ ಕಾರ್ಡಿದ್ದರೂ ಬಿಲ್ಲಿದೆ. ಒಬಾಯನ್ನಿನ 75 ಡಾಲರಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ಕಾರ್ಡಿಲ್ಲದವನನ್ನೂ ಇಲ್ಲಿ ಬೆಟ್ಟದಲ್ಲಿ ಬಿಟ್ಟು ಬರುವುದಿಲ್ಲ. ಅಷ್ಟೇ ವ್ಯತ್ಯಾಸ, ಅದು ಸಾಕಷ್ಟು ದೊಡ್ಡದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಮಾಡಿದ್ದು ಇನ್ನೂ ಸರಳ. 2003ರಿಂದ ಅಲ್ಲಿ ಕರೆಂಟ್ ಬಿಲ್ಲಿನ ಜತೆಗೇ ಆಂಬುಲೆನ್ಸಿನ ವಂತಿಗೆ ಸೇರಿಸಿದರು. ಮನೆಗೊಂದು ಮೀಟರ್, ಮೀಟರಿಗೊಂದು ವಂತಿಗೆ. ಜನ ಗೊಣಗಿದರು. ಎರಡು ಮನೆ, ಎರಡು ಮೀಟರ್ ಇದ್ದವರು ಇನ್ನೂ ಜೋರಾಗಿ ಗೊಣಗಿದರು. 2011ರಲ್ಲಿ ಆ ವಂತಿಗೆಯನ್ನೂ ತೆಗೆದರು, ಸೇವೆ ಉಳಿಯಿತು. ಕ್ವೀನ್ಸ್‌ಲ್ಯಾಂಡಿನ ನಿವಾಸಿಗೆ ಈಗಲೂ ಆಂಬುಲೆನ್ಸಿಗೆ ಬಿಲ್ಲಿಲ್ಲ, ಬೇರೆ ರಾಜ್ಯಕ್ಕೆ ಹೋದಾಗ ಬಿದ್ದರೂ ಇಲ್ಲ. ಅಲ್ಲಿಂದ ದಕ್ಷಿಣಕ್ಕೆ ವಿಕ್ಟೋರಿಯಾಕ್ಕೆ ಬಂದರೆ, ಅಲ್ಲಿ ಸದಸ್ಯತ್ವ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಹೆಚ್ಚಿನವರಿಗೆ ಬಿಲ್ಲು. ಒಂದೇ ದೇಶ!

ನಮ್ಮಲ್ಲಿ ಹೇಗೆ? 2005ರಲ್ಲಿ ಹೈದರಾಬಾದಿನಲ್ಲಿ ಶುರುವಾದ 108 ಸೇವೆ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ಬಿಪಿಎಲ್ ಕಾರ್ಡು ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ಅದಕ್ಕೆ ಮೊದಲು ಹಳ್ಳಿಯಲ್ಲಿ ಹೆರಿಗೆ ನೋವು ಬಂದರೆ ಯಾರದೋ ಜೀಪು, ಟ್ರ್ಯಾಕ್ಟರು, ಟೆಂಪೊ ಹುಡುಕಬೇಕಿತ್ತು. ಅರ್ಧರಾತ್ರಿಯಲ್ಲಿ ಜೀಪಿನವನು ಹೇಳಿದ್ದೇ ಬಾಡಿಗೆ. ಇವತ್ತು ಊರಿನ ಅಜ್ಜಿಯರಿಗೂ ಆ ಮೂರು ಅಂಕಿ ಬಾಯಿಪಾಠ.

ಇದನ್ನು ಬಿಟ್ಟಿ ಸೇವೆ ಅಂತ ಕೆಲವರು ಮೂಗು ಮುರಿಯುತ್ತಾರೆ. ತೆರಿಗೆ ಕಟ್ಟುವವರು ನಾವು, ಅನುಭವಿಸುವವರು ಅವರು ಅಂತ. ಅವರ ಲೆಕ್ಕದಲ್ಲಿ ತೆರಿಗೆ ಅಂದರೆ ಆದಾಯ ತೆರಿಗೆ ಮಾತ್ರ. ಕೂಲಿ ಮಾಡುವವಳು ಸೋಪು ಕೊಂಡಾಗ, ಮೊಬೈಲಿಗೆ ರೀಚಾರ್ಜ್ ಹಾಕಿಸಿದಾಗ ಕಟ್ಟುವ ಜಿಎಸ್‌ಟಿ ಯಾರ ಖಾತೆಗೆ ಹೋಗುತ್ತದೆ? ಅವಳು 108ರ ಬಾಡಿಗೆಯನ್ನು ಕಂತಿನಲ್ಲಿ ಕಟ್ಟುತ್ತಲೇ ಇದ್ದಾಳೆ. ರಸೀದಿ ಮಾತ್ರ ಸಿಗುವುದಿಲ್ಲ.

ಹಾಗಂತ ನಮ್ಮದು ಸ್ವರ್ಗ ಅಂತ ಗೆಳೆಯನ ಮುಂದೆ ಜಂಬ ಕೊಚ್ಚಲು ನನಗೆ ಬಾಯಿ ಬರಲಿಲ್ಲ. ಸಂಬಳ ಬಂದಿಲ್ಲ ಅಂತ 108ರ ಸಿಬ್ಬಂದಿ ಎಷ್ಟು ಸಲ ಮುಷ್ಕರದ ಮಾತಾಡಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ತೊಂದರೆಯಿಂದ 108ಕ್ಕೆ ಕರೆಗಳೇ ಹೋಗದೆ ಜನ ಪರದಾಡಿದರು. ಬಿಲ್ಲಿಲ್ಲದ ಗಾಡಿ ಬರದಿದ್ದಾಗ ಆ ಜಾಗಕ್ಕೆ ಬಿಲ್ಲಿನ ಗಾಡಿ ಬರುತ್ತದೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬೆಂಗಳೂರಿನಲ್ಲಿ ಕೆಲವು ಖಾಸಗಿ ಆಂಬುಲೆನ್ಸಿನವರು ಆಸ್ಪತ್ರೆಯಿಂದ ಸುಡುಗಾಡಿಗೆ ಒಯ್ಯಲು ಕೇಳಿದ ದುಡ್ಡನ್ನು ಯಾರೂ ಮರೆತಿಲ್ಲ. ಹತ್ತಿ ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಅದೇ. ಕೊನೆಗೆ ಸರ್ಕಾರ ದರ ಗೊತ್ತುಮಾಡಬೇಕಾಯಿತು. ಉಚಿತ ಅಂತ ಗಾಡಿಯ ಮೇಲೆ ಬರೆದು, ಚಾಲಕನಿಗೆ ಸಂಬಳ ಕೊಡದಿದ್ದರೆ, ಆ ಬಿಲ್ಲು ಸುತ್ತಿಬಳಸಿ ರೋಗಿಯ ಮನೆಗೇ ಹೋಗುತ್ತದೆ. ಬಾಸ್ಟನ್ನಿನಲ್ಲಿ ಅಂಚೆಯಲ್ಲಿ ಬರುವುದು ಇಲ್ಲಿ ಮುಂಗಡವಾಗಿ ನಗದು.

ಆದರೂ ನಮ್ಮ ರಾಜ್ಯ ಒಂದು ಒಳ್ಳೆಯ ಕೆಲಸ ಮಾಡಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ತುಮಕೂರು ರಸ್ತೆಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕನ ಬೈಕಿಗೆ ಲಾರಿ ಗುದ್ದಿತು. ದೇಹ ಎರಡು ತುಂಡಾಗಿತ್ತು. ಆ ಸ್ಥಿತಿಯಲ್ಲೂ ಅವರು ನನ್ನ ಅಂಗಾಂಗ ದಾನ ಮಾಡಿ ಅಂತ ಹೇಳಿದರು. ಕಣ್ಣುಗಳನ್ನು ದಾನ ಪಡೆದರು. ಮರು ತಿಂಗಳೇ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂತು. ಕರ್ನಾಟಕದ ರಸ್ತೆಯಲ್ಲಿ ಅಪಘಾತವಾದ ಯಾರಿಗೇ ಆಗಲಿ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರ ಕೊಡಬೇಕು ಎಂಬುದು ಆ ಯೋಜನೆ. ಬಡವರೋ ಶ್ರೀಮಂತರೋ ಕೇಳುವುದಿಲ್ಲ. ಯಾವ ರಾಜ್ಯದವರು ಅಂತಲೂ ಕೇಳುವುದಿಲ್ಲ. ಇಲ್ಲಿ ತೆರಿಗೆ ಕಟ್ಟದ ತಮಿಳುನಾಡಿನ ಲಾರಿ ಚಾಲಕನಿಗೂ ಅಷ್ಟೇ, ಬಿಹಾರದಿಂದ ಕೆಲಸಕ್ಕೆ ಬಂದ ಹುಡುಗನಿಗೂ ಅಷ್ಟೇ. ಗೆಳೆಯನ ಅತ್ತೆಗೆ ನ್ಯೂಜೆರ್ಸಿಯಲ್ಲಿ ಸಿಗದಿದ್ದದ್ದು ಇದೇ. ಮೊತ್ತ ಈಗಿನ ಆಸ್ಪತ್ರೆ ಖರ್ಚಿಗೆ ಏನೇನೂ ಸಾಲದು, ನಿಜ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅಂತ ತಂದ ನಗದುರಹಿತ ಯೋಜನೆಯಲ್ಲಿ ಏಳು ದಿನಕ್ಕೆ ಒಂದೂವರೆ ಲಕ್ಷದವರೆಗೆ ಇದೆ. ಆದರೆ ಊರು ಕೇಳದೆ ಕೊಡುವ ದಾರಿಯನ್ನು ಕರ್ನಾಟಕ ಒಂಬತ್ತು ವರ್ಷ ಮೊದಲೇ ಹಿಡಿದಿತ್ತು.

ಈ ಹೊತ್ತಿಗೆ ನಾನು ಗೆಳೆಯನಿಗೆ ಭಾರತದ್ದೇ ಒಂದು ಬಿಲ್ಲಿನ ಕಥೆ ಹೇಳಬೇಕಾಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲದ ಮೇಲೆ ಗುಡ್ಡ ಕುಸಿಯಿತು. ಸತ್ತವರಲ್ಲಿ ಮಂಡ್ಯ, ಚಾಮರಾಜನಗರ ಕಡೆಯವರೂ ಇದ್ದರು. ನಮ್ಮ ಸರ್ಕಾರ ಅಲ್ಲಿ 100 ಮನೆ ಕಟ್ಟಿಸಿಕೊಡುವುದಾಗಿ ಹೇಳಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ಜನರನ್ನು ಎತ್ತಿ ತಂದವು. ಕೆಲವೇ ತಿಂಗಳಲ್ಲಿ ಕೇಂದ್ರ ರಕ್ಷಣಾ ಸಚಿವಾಲಯ ಕೇರಳಕ್ಕೆ ಬಿಲ್ಲು ಕಳಿಸಿತು. 132.62 ಕೋಟಿ ರೂಪಾಯಿ. ವಯನಾಡಿನದು ಮಾತ್ರವಲ್ಲ, 2018ರ ಪ್ರವಾಹವೂ ಸೇರಿ ಹಳೆಯ ಬಾಕಿಯೆಲ್ಲ ಕೂಡಿಸಿ.

ಇದು ಮೊದಲಿಂದ ನಡೆದು ಬಂದ ಪದ್ಧತಿ, ಎಲ್ಲ ರಾಜ್ಯಗಳಿಗೂ ಹೀಗೇ ಅನ್ನುವುದು ಕೇಂದ್ರದ ವಾದ. ಇರಬಹುದು. ವಿಪತ್ತು ಪರಿಹಾರ ನಿಧಿಯಿಂದ ಕೊಡಬಹುದು ಅನ್ನುತ್ತಾರೆ. ಆ ನಿಧಿಯಲ್ಲಿ ಕೇರಳದಂಥ ರಾಜ್ಯಕ್ಕೆ 75 ಪಾಲು ಕೇಂದ್ರದ್ದೇ, 25 ಪಾಲು ರಾಜ್ಯದ್ದು. ಅಂದರೆ ಕೇಂದ್ರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಈಸಿಕೊಳ್ಳುತ್ತದೆ. ಹೆಲಿಕಾಪ್ಟರ್ ಕೊಂಡದ್ದು ನಮ್ಮೆಲ್ಲರ ತೆರಿಗೆಯಲ್ಲಿ, ಪೈಲಟ್ಟಿನ ಸಂಬಳ ನಮ್ಮೆಲ್ಲರ ತೆರಿಗೆಯಲ್ಲಿ, ಬಿಲ್ಲು ಕಟ್ಟುವ ನಿಧಿಯೂ ತೆರಿಗೆಯದೇ. ಲೆಕ್ಕಪತ್ರದ ಮಟ್ಟಿಗೆ ಇದೆಲ್ಲ ಸರಿ ಇರಬಹುದು. ಆದರೆ ಮಣ್ಣಿನಡಿಯಿಂದ ಜನರನ್ನು ತೆಗೆಯಬೇಕಾದ ಹೊತ್ತಿನಲ್ಲಿ ಜಿಲ್ಲಾಧಿಕಾರಿಯೊಬ್ಬ ಇನ್ನೊಂದು ಹೆಲಿಕಾಪ್ಟರ್ ಕರೆಯಲೋ ಬೇಡವೋ ಅಂತ ಒಂದು ಕ್ಷಣ ಹಿಂದೆ ಮುಂದೆ ನೋಡಿದರೆ? ಅತ್ತೆ ಮೈ ಸರಿಯಿಲ್ಲದ್ದನ್ನು ಮುಚ್ಚಿಟ್ಟ ಹಾಗೆ ಸರ್ಕಾರವೂ ಕಷ್ಟವನ್ನು ಮುಚ್ಚಿಟ್ಟರೆ? ಕೇರಳ ಹೈಕೋರ್ಟ್ ಕೂಡ ಹಳೆಯ ಬಾಕಿಯನ್ನು ಈಗ ಯಾಕೆ ಎತ್ತಿದಿರಿ ಅಂತ ಕೇಳಿತು.

ಬಿಲ್ಲೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಳಿಸಬೇಕಾದವರಿಗೆ ಕಳಿಸಲಿ. ಸುಳ್ಳು ಕರೆ ಮಾಡಿ ಆಟ ಆಡುವವರಿಗೆ ದಂಡ ಬೀಳಲಿ. ಬೆಂಕಿ ಇಲ್ಲದೆ ಪದೇ ಪದೇ ಕೂಗುವ ಅಲಾರಾಂ ಸರಿಮಾಡಿಸದ ಕಟ್ಟಡದವರಿಗೆ ಟೊರಾಂಟೊದಂಥ ಊರುಗಳು ಬಿಲ್ಲು ಹಾಕುತ್ತವೆ, ಅದೂ ಸರಿ. ಇವರಿಗೆಲ್ಲ ಸರಿಮಾಡಿಕೊಳ್ಳಲು ಸಮಯವಿತ್ತು, ಯೋಚಿಸಲು ಪುರುಸೊತ್ತಿತ್ತು. ಹಾಗೆಯೇ ಮೊದಲೇ ದಿನಾಂಕ ಗೊತ್ತಿರುವ, ಟಿಕೆಟ್ ಮಾರಿ ದುಡ್ಡು ಮಾಡುವ ಕಾರ್ಯಕ್ರಮಕ್ಕೆ ಪೊಲೀಸ್ ಬಂದೋಬಸ್ತ್ ಬೇಕಾದರೆ ಅದರ ಖರ್ಚು ಸಂಘಟಕರದು. ಕ್ರಿಕೆಟ್ ಪಂದ್ಯ ಇದ್ದಕ್ಕಿದ್ದ ಹಾಗೆ ಎದೆನೋವಿನಂತೆ ಬರುವುದಿಲ್ಲ ತಾನೆ.

ಗೆಳೆಯ ಇದನ್ನು ಒಪ್ಪಿದ. ಹಾಗಾದರೆ ನಮ್ಮ ದೇಶದಲ್ಲಿ ಅದನ್ನಾದರೂ ಸರಿಯಾಗಿ ವಸೂಲಿ ಮಾಡ್ತಾರಲ್ಲ ಅಂದ. ಅದಕ್ಕೆ ಮುಂಬೈ ಕಥೆ ಹೇಳಿದೆ. ಕ್ರಿಕೆಟ್ ಪಂದ್ಯಗಳ ಪೊಲೀಸ್ ಬಂದೋಬಸ್ತಿಗೆ ಸಂಘಟಕರು ಕೊಡಬೇಕಾದ ದುಡ್ಡು ಕೋಟಿಗಟ್ಟಲೆ ಬಾಕಿ ಇತ್ತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಶುಲ್ಕವನ್ನು ಇಳಿಸಿತು. ಇಳಿಸಿದ್ದು ಮುಂದಿನ ಪಂದ್ಯಗಳಿಗಷ್ಟೇ ಅಲ್ಲ, 2011ರಿಂದ ಅನ್ವಯವಾಗುವ ಹಾಗೆ. ಅದರ ವಿರುದ್ಧ ಬಾಂಬೆ ಹೈಕೋರ್ಟಿಗೆ ಅರ್ಜಿ ಹೋಯಿತು. 2024ರಲ್ಲಿ ನ್ಯಾಯಾಲಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಅದೇ ವರ್ಷ ಕೇರಳಕ್ಕೆ ಹೆಲಿಕಾಪ್ಟರಿನ ಹಳೆಯ ಬಾಕಿಯ ಪಟ್ಟಿ ಹೋಯಿತು.

ಫೋನಿನ ಆ ಕಡೆ ಅವನು ನಕ್ಕ. ಅತ್ತೆಯ ಬಿಲ್ಲನ್ನು ಈಗ ತಿಂಗಳಿಗೆ ಇಷ್ಟು ಅಂತ ಕಂತಿನಲ್ಲಿ ಕಟ್ಟುತ್ತಿದ್ದಾನೆ. ಕ್ರಿಕೆಟ್ ಮಂಡಳಿಯ ಹೆಸರಿನಲ್ಲಿ ಒಂದು ಅರ್ಜಿ ಹಾಕಿದರೆ ರಿಯಾಯಿತಿ ಸಿಗಬಹುದಾ ಅಂತ ಕೇಳಿದ.